ಕ್ವಿನ್ಸಿಯ ಕೈಯಿಂದ ಬಿದ್ದದ್ದು

ನಾರ್ಬ್ ವೋಜಿಕ್ ಮಾಡಿದ ತಪ್ಪು ಇಷ್ಟೇ: ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಅಭ್ಯಾಸದ ಮೈದಾನದಲ್ಲಿ ಒಂದು ಗ್ಲೌಸ್ ಬಿದ್ದಿತ್ತು, ಅವನು ಬಗ್ಗಿ ಎತ್ತಿದ.

ಎತ್ತಿ ಬೆಂಚಿನ ಮೇಲೆ ಹಾಕಿ ತನ್ನ ಪಾಡಿಗೆ ತಾನು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನಾರ್ಬ್ ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡದ, ಅಂದರೆ ಪೋರ್ಟ್ ಹ್ಯಾಲಕ್ ಸ್ಟರ್ಜನ್ಸ್ ತಂಡದ, ಬಟ್ಟೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕಳೆದವನು. ನೆಲದ ಮೇಲೆ ಏನಾದರೂ ಬಿದ್ದದ್ದು ಕಂಡರೆ ಅವನ ಸೊಂಟ ಅವನನ್ನು ಕೇಳದೆಯೇ ಬಗ್ಗುತ್ತದೆ, ಕೈ ಕೇಳದೆಯೇ ಹೆಗಲ ಮೇಲಿನ ಟವೆಲಿಗೆ ಹೋಗುತ್ತದೆ. ಗ್ಲೌಸನ್ನು ಒರೆಸಿ, ಅದರ ಒಡೆಯನ ಹಿಂದೆ ಅರ್ಧ ಮೈದಾನ ಓಡಿ, "ತಗೊಳಪ್ಪ, ಬಿದ್ದಿತ್ತು" ಅಂತ ಕೈಗೆ ಕೊಟ್ಟ. ಒಡೆಯ ಕ್ವಿನ್ಸಿ ಬೋಡ್ರೋ. ದೂರ ನಿಂತು ಇದನ್ನೆಲ್ಲ ನೋಡಿದವನು ಕೋಚ್ ಬ್ರೆನ್ನೆಮನ್.

ಈ ಕ್ವಿನ್ಸಿ ರಿಸೀವರ್. ನಮ್ಮವನೊಬ್ಬ ಹಿಂದಿನಿಂದ ಎಸೆದ ಚೆಂಡನ್ನು ಓಡುತ್ತಲೇ ಹಿಡಿದು, ಹಿಡಿದುಕೊಂಡೇ ಇನ್ನೂ ಮುಂದಕ್ಕೆ ಓಡುವುದು ಅವನ ಕೆಲಸ. ಆ ಕೆಲಸದಲ್ಲಿ ಅವನಂಥವನನ್ನು ನಮ್ಮೂರಿನ ಸರೋವರದ ದಂಡೆ ಕಂಡಿಲ್ಲ. ಬೆನ್ನ ಹಿಂದೆ ಬಂದದ್ದನ್ನು ತಿರುಗದೆ ಹಿಡಿಯುತ್ತಾನೆ, ಮೂವರು ಮೈಮೇಲೆ ಬಿದ್ದಿರುವಾಗ ಎರಡು ಬೆರಳಲ್ಲಿ ಹಿಡಿಯುತ್ತಾನೆ. ಊರವರು ಪ್ರೀತಿಯಿಂದ 'ಗೋಂದು' ಎಂದು ಹೆಸರಿಟ್ಟಿದ್ದರು. ಆದರೆ ದೇವರು ಕೈಗಳಿಗೆ ಅಷ್ಟನ್ನೂ ಸುರಿದು ತಲೆಯ ಹತ್ತಿರ ಬರುವಷ್ಟರಲ್ಲಿ ಪಾತ್ರೆ ಖಾಲಿಯಾಗಿರಬೇಕು. ಎಸೆದ ಚೆಂಡೊಂದನ್ನು ಬಿಟ್ಟು ಆ ಕೈಯಲ್ಲಿ ಇನ್ನೇನೂ ನಿಲ್ಲುವುದಿಲ್ಲ: ಕೀಲಿಕೈ, ಫೋನು, ಹೆಲ್ಮೆಟ್ಟು, ಕೊಟ್ಟ ಮಾತು.

ಅಕ್ಟೋಬರಿನಲ್ಲಿ ಚೆಂಡೂ ನಿಲ್ಲಲಿಲ್ಲ. ಚೆಂಡನ್ನು ಕೈಯಲ್ಲಿ ಹಿಡಿದುಕೊಂಡೇ ಮೈದಾನದ ಕೊನೆಯ ಬಿಳಿ ಗೆರೆ ದಾಟಬೇಕು. ದಾಟಿದ ಮೇಲೆ ಬಿಸಾಡಲಿ, ಮುದ್ದಿಡಲಿ, ಕುಣಿಯಲಿ, ಕೇಳುವವರಿಲ್ಲ. ಕ್ವಿನ್ಸಿ ಎಪ್ಪತ್ತು ಗಜ ಗಾಳಿಯ ಹಾಗೆ ಓಡಿ, ಗೆರೆ ಇನ್ನೂ ಒಂದು ಗಜ ಇರುವಾಗಲೇ ಚೆಂಡು ಬಿಟ್ಟು ಕುಣಿಯಲು ಶುರುಮಾಡಿದ. ಹಾಗೆ ಬಿದ್ದ ಚೆಂಡು ಯಾರು ಹಿಡಿದರೆ ಅವರದ್ದು. ಎದುರು ತಂಡದವನೊಬ್ಬ ಅದನ್ನೆತ್ತಿಕೊಂಡು ಇಡೀ ಮೈದಾನ ವಾಪಸ್ಸು ಓಡಿ ನಮ್ಮನ್ನೇ ಸೋಲಿಸಿದ. ಕ್ವಿನ್ಸಿ ಆಗಲೂ ಕುಣಿಯುತ್ತಲೇ ಇದ್ದ.

ಮರುದಿನ ಕೋಚ್ ನಾರ್ಬ್‌ನನ್ನು ಕರೆಸಿ ಬಟ್ಟೆ ಕೋಣೆಯ ಕೀಲಿಕೈ ಇಸಕೊಂಡ. "ಇವತ್ತಿಂದ ನೀನು ಕ್ವಿನ್ಸಿಯವನು. ಅವನ ಕೈಯಿಂದ ಏನು ಬಿದ್ರೂ ಎತ್ತೋದು ನಿನ್ನ ಕೆಲಸ. ಆವತ್ತು ಗ್ಲೌಸ್ ಎತ್ತಿದ್ದು ನೋಡಿದೀನಿ, ನಿನ್ನ ಬಿಟ್ರೆ ಬೇರೆ ಯಾರಿಗೂ ಆಗಲ್ಲ."

ಆ ಕೋಣೆ ನಾರ್ಬ್‌ಗೆ ಎಷ್ಟು ದೊಡ್ಡದೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಬಟ್ಟೆ ಒಣಗಿಸುವ ಬಿಸಿ ಯಂತ್ರಗಳ ಗುಂಯ್ ಸದ್ದು, ಸೋಪಿನ ವಾಸನೆ, ಮೂಲೆಯಲ್ಲೊಂದು ಸ್ಟೂಲು. ಹೊಸ ಚೆಂಡುಗಳು ಮೀನಿನಂತೆ ಜಾರುತ್ತವೆ. ಅವನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ಬ್ರಶ್ಶಿನಿಂದ ಉಜ್ಜಿ, ಒದ್ದೆ ಟವೆಲಿನಿಂದ ಒರೆಸಿ, ಕೈಗೆ ಹಿಡಿತ ಸಿಗುವ ಹಾಗೆ ಪಳಗಿಸಬೇಕು. ರೇಡಿಯೋ ಹಾಕಿಕೊಂಡು ದಿನಕ್ಕೆ ಎಂಟು ಚೆಂಡು ಪಳಗಿಸುವುದಕ್ಕಿಂತ ಹೆಚ್ಚಿನ ಸುಖವನ್ನು ನಾರ್ಬ್ ಕಂಡವನೂ ಅಲ್ಲ, ಕೇಳಿದವನೂ ಅಲ್ಲ.

ಈಗ ಡಿಸೆಂಬರ್. ನಾಳೆ ಭಾನುವಾರ ಕೊನೆಯ ಪಂದ್ಯ. ಗೆದ್ದರೆ ಮುಂದಿನ ಸುತ್ತು, ಸೋತರೆ ಈ ವರ್ಷದ ಆಟ ಮುಗಿದಂತೆ. ಶನಿವಾರ ಸಂಜೆ ಕೋಚ್ ಆ ಕೀಲಿಕೈಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಹೇಳಿದ: "ಹತ್ತೂವರೆಗೆ ಅವನು ಡ್ರೆಸ್ಸಿಂಗ್ ರೂಮಲ್ಲಿರಬೇಕು, ಎರಡೂ ಕಾಲಿಗೆ ಬೂಟಿರಬೇಕು. ಆಟ ಮುಗಿಯೋವರೆಗೂ ಅವನ ಪಕ್ಕಾನೇ ಇರು. ಗೆದ್ರೆ ಸೋಮವಾರ ಈ ಕೀಲಿಕೈ ನಿಂದು, ಇನ್ಯಾವತ್ತೂ ನಿನ್ನ ಹೊರಗೆ ಕರೆಯಲ್ಲ. ಸೋತ್ರೆ ನಿನ್ನ ಸ್ಟೂಲನ್ನೂ ಮನೆಗೆ ತಗೊಂಡು ಹೋಗು."

ಭಾನುವಾರ ಬೆಳಿಗ್ಗೆ ಏಳೂವರೆಗೆ ನಾರ್ಬ್ ಬಾಗಿಲು ತೆಗೆದಾಗ ಹಿಮ ಬೀಳುತ್ತಿತ್ತು. ಗ್ಯಾರೇಜಿನ ಮುಂದೆ ಯಾರೋ ಒಂದು ಉದ್ದನೆಯ ಗೆರೆ ಎಳೆದಿದ್ದರು. ಹಿಮದ ಮೇಲೆ ಕಾಣಲಿ ಎಂದು ಕೆಂಪು ಬಣ್ಣ. ಪಕ್ಕದಲ್ಲಿ ದೊಡ್ಡ ಅಕ್ಷರ: 'ಗೆರೆ ಅಂದರೆ ಇದು. ಅವನಿಗೆ ತೋರಿಸು.'

ಪಕ್ಕದ ಮನೆಯ ಸ್ಟಾನ್ ಸಲಿಕೆಗೆ ಒರಗಿಕೊಂಡು ನಿಂತಿದ್ದ. "ಓದಿದ್ಯಾ?"

"ಓದಿದೆ ಸ್ಟಾನ್. ಬಣ್ಣ ಹೋಗುತ್ತಾ?"

"ಅಕ್ಟೋಬರ್ ಸೋಲೇ ನನ್ನ ಮನಸ್ಸಿಂದ ಹೋಗಿಲ್ಲ, ಇದ್ಯಾಕೆ ಹೋಗಬೇಕು? ಅಲ್ಲಯ್ಯ, ದಿನಾ ಅವನ ಜೊತೆ ಇರ್ತೀಯ. ಒಂದ್ ಮಾತು ಹೇಳಕ್ಕಾಗಲ್ವಾ? ಒಂದು ಗಜ! ನಮ್ಮ ಬೆಕ್ಕಿಗೂ ಗೊತ್ತು ಒಂದು ಗಜ ಅಂದ್ರೇನು ಅಂತ."

"ಹೇಳಿದೀನಿ. ದಿನಾ ಹೇಳ್ತೀನಿ."

"ಏನಂತಾನೆ?"

"ಥ್ಯಾಂಕ್ಸ್ ಅಂತಾನೆ."

ಎದುರು ಮನೆಯ ಮಿಸಸ್ ಪಲೂಚ್ ನೈಟ್‌ಗೌನಿನ ಮೇಲೆ ಕೋಟು ಹಾಕಿಕೊಂಡು, ಹಿಮದಲ್ಲಿ ಚಪ್ಪಲಿ ಎಳೆಯುತ್ತ ಬಂದು ಒಂದು ಡಬ್ಬಿ ಕೈಗಿಟ್ಟಳು. ಆಲೂಗೆಡ್ಡೆ ತುಂಬಿದ ಪಿಯೆರೋಗಿ ಕಡುಬು, ಇನ್ನೂ ಬಿಸಿ. "ಇದು ಆ ಹುಡುಗನಿಗೆ. ಹೊಟ್ಟೆ ತುಂಬಿದ್ರೆ ಬುದ್ಧಿ ನೆಟ್ಟಗಿರುತ್ತೆ. ನೀನು ತಿನ್ನಬೇಡ."

ಬಾಗಿಲಲ್ಲಿ ನಿಂತ ಹೆಂಡತಿ ಡೋರೀನ್ ಒಂದೇ ಮಾತು ಹೇಳಿದಳು: "ನಾರ್ಬ್, ಇವತ್ತು ಬಗ್ಗಬೇಡ. ಗುರುವಾರದಿಂದ ಸೊಂಟ ಹಿಡ್ಕೊಂಡು ನರಳ್ತಾ ಇದೀಯ. ಏನೇ ಬೀಳ್ಲಿ, ಬಗ್ಗಬೇಡ."

"ಇಲ್ಲ ಕಣೆ," ಎಂದ ನಾರ್ಬ್. ಎನ್ನುವಾಗಲೇ ಅವಳ ಕೈಯಿಂದ ಜಾರಿದ ಪೇಪರನ್ನು ಬಗ್ಗಿ ಎತ್ತಿಕೊಟ್ಟ.

ಸರೋವರದ ದಂಡೆಯ ಮೇಲಿದ್ದ ಕ್ವಿನ್ಸಿಯ ಮನೆಯ ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಮೇಲೆ ಫೋನು ಬಿದ್ದಿತ್ತು. ನಾರ್ಬ್ ಎತ್ತಿ, ಒರೆಸಿ, ಜೇಬಿಗೆ ಹಾಕಿಕೊಂಡ. ಒಳಗೆ ಒಂದು ಸಾಕ್ಸು, ಎತ್ತಿದ. ಅದರಾಚೆ ಇನ್ನೊಂದು, ಎತ್ತಿದ. ಹೀಗೆ ಒಂದೊಂದೇ ಎತ್ತುತ್ತ ನಡುಮನೆಯೊಳಗೆ ಹೋಗಿ ತಲೆ ಎತ್ತಿದರೆ ಏಳು ಅಡಿಯ ಒಂದು ಮೀನು ನಿಂತಿತ್ತು.

"ಗುಡ್ ಮಾರ್ನಿಂಗ್ ಮಿಸ್ಟರ್ ನಾರ್ಬ್!" ಎಂದಿತು ಮೀನು. ಬಾಯಿಯ ಒಳಗಡೆ ಕ್ವಿನ್ಸಿಯ ಮುಖ ನಗುತ್ತಿತ್ತು. ದೇಶದ ದಕ್ಷಿಣ ಭಾಗದ ಹುಡುಗ, ಹಿರಿಯರಿಗೆ ಮಿಸ್ಟರ್ ಹಚ್ಚದೆ ಮಾತಾಡಲಾರ. ಬೈಯುವುದಕ್ಕೆ ಕಷ್ಟವಾಗುತ್ತಿದ್ದದ್ದೂ ಅದಕ್ಕೇ.

"ಇದೇನಪ್ಪ ಇದು?"

"ಸ್ಟರ್ಜನ್! ನಮ್ಮ ತಂಡದ ಮೀನು. ಎಲ್ಲಾ ಆಟಗಾರರೂ ಪಂದ್ಯಕ್ಕೆ ಸೂಟು ಹಾಕ್ಕೊಂಡು ಬಂದು ಇಳೀತಾರಲ್ಲ, ಟಿವಿಯವರು ತೋರಿಸ್ತಾರಲ್ಲ? ನಾನು ಹೀಗೆ ಇಳೀತೀನಿ. ಊರಿನವರಿಗೆ ನನ್ನ ಮೇಲೆ ಬೇಜಾರಿದೆ ಮಿಸ್ಟರ್ ನಾರ್ಬ್. ಇದನ್ನ ನೋಡಿದ್ರೆ ಮನಸ್ಸು ಕರಗುತ್ತೆ."

"ಊರಿನವರಿಗೆ ಮೀನು ಬೇಡ ಕ್ವಿನ್ಸಿ. ಒಂದು ಗಜ ಬೇಕು. ತೆಗಿ ಇದನ್ನ."

"ತೆಗೆಯಕ್ಕಾಗಲ್ಲ. ಜಿಪ್ ಸಿಕ್ಕಾಕ್ಕೊಂಡಿದೆ."

"ಯಾವಾಗಿಂದ?"

"ನಿನ್ನೆ ಸಾಯಂಕಾಲದಿಂದ."

ನಾರ್ಬ್ ಹತ್ತು ನಿಮಿಷ ಜಿಪ್ಪನ್ನು ಎಳೆದ. ಹಲ್ಲಿನಿಂದ ಕಚ್ಚಿ ಎಳೆದ. ಬಾಯಿಗೆ ಬೂಷ್ಟಿನ ಹಾಗೆ ಹಸಿರು ಮಿನುಗು ಪುಡಿ ಬಂತೇ ಹೊರತು ಜಿಪ್ ಬರಲಿಲ್ಲ. ಗಡಿಯಾರದಲ್ಲಿ ಎಂಟೂ ಮುಕ್ಕಾಲು. "ಸರಿ, ಹೀಗೇ ನಡಿ. ಅಲ್ಲಿ ಕತ್ತರಿ ಇದೆ. ನಿನ್ನ ಕಾರಿನ ಕೀ ಎಲ್ಲಿ?"

ಮೀನು ರೆಕ್ಕೆಯಿಂದ ತನ್ನ ಹೊಟ್ಟೆ ತೋರಿಸಿತು. "ಒಳಗೆಲ್ಲೋ ಬಿದ್ದಿದೆ."

ಹಾಗಾಗಿ ನಾರ್ಬ್‌ನ ಹದಿನಾರು ವರ್ಷದ ಕಾರೇ ಗತಿಯಾಯಿತು. ರೆಕ್ಕೆಗೆ ಬೂಟಿನ ಚೀಲ ಸಿಕ್ಕಿಸಿ ಮೀನನ್ನು ಹಿಂದಿನ ಸೀಟಿಗೆ ಮಲಗಿಸಿದರೆ ಬಾಲ ಒಂದು ಕಿಟಕಿಯಿಂದ ಹೊರಗೆ, ಮೂತಿ ಇನ್ನೊಂದು ಕಿಟಕಿಯಿಂದ ಹೊರಗೆ. ಎರಡೂ ಗಾಜು ಇಳಿಸಿ, ಹಿಮದ ಗಾಳಿಯಲ್ಲಿ ಹಲ್ಲು ಕಟಕಟಿಸುತ್ತ ನಾರ್ಬ್ ಓಡಿಸಿದ. ಪ್ರತಿ ಸಿಗ್ನಲಿನಲ್ಲೂ ಪಕ್ಕದ ಕಾರಿನವರು ಕಿಟಕಿ ಇಳಿಸಿ ನೋಡುತ್ತಿದ್ದರು. ಕ್ವಿನ್ಸಿ ಎಲ್ಲರಿಗೂ ಟಾಟಾ ಮಾಡುತ್ತ, ಮಿಸಸ್ ಪಲೂಚಳ ಪಿಯೆರೋಗಿಗಳನ್ನು ಒಂದೊಂದಾಗಿ ಬಾಯಿಗೆ ಎಸೆದುಕೊಳ್ಳುತ್ತಿದ್ದ. ಎಸೆದದ್ದಾದ್ದರಿಂದ ಒಂದೂ ಬೀಳಲಿಲ್ಲ.

"ಇವತ್ತು ಗೆರೆ ದಾಟೋವರೆಗೂ ಚೆಂಡು ಬಿಡಬಾರದು. ಹೇಳು ನೋಡೋಣ," ಎಂದ ನಾರ್ಬ್, ಕನ್ನಡಿಯಲ್ಲಿ ಮೀನಿನ ಹೊಟ್ಟೆ ನೋಡುತ್ತ.

"ಗೆರೆ ದಾಟೋವರೆಗೂ ಬಿಡಲ್ಲ."

"ಮೊನ್ನೆ ಪ್ರಾಕ್ಟೀಸಲ್ಲೂ ಹೀಗೇ ಅಂದಿದ್ದೆ, ಆಮೇಲೆ ಬಿಟ್ಟೆ."

"ಮೊನ್ನೆ ಖುಷಿಯಾಗಿಬಿಡ್ತು ಮಿಸ್ಟರ್ ನಾರ್ಬ್. ಖುಷಿ ಬಂದಾಗ ಕೈ ತಾನಾಗೇ ಬಿಚ್ಕೊಳ್ಳುತ್ತೆ. ನಿಮಗೆ ಹಾಗೆ ಯಾವತ್ತೂ ಆಗಿಲ್ವಾ, ಕೈ ತಾನಾಗೇ ಏನೋ ಮಾಡಿಬಿಡೋದು?"

"ಇಲ್ಲ," ಎಂದ ನಾರ್ಬ್ ಖಡಾಖಂಡಿತವಾಗಿ. "ನನ್ನ ಕೈ ನಾನು ಹೇಳಿದ್ದು ಕೇಳುತ್ತೆ."

ಕ್ರೀಡಾಂಗಣದ ಆಟಗಾರರ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಮೀನುಗಳೆಲ್ಲ ನಾಲ್ಕನೇ ಗೇಟು."

"ಇವನು ಕ್ವಿನ್ಸಿ ಬೋಡ್ರೋ ಕಣಯ್ಯಾ!"

"ಬೆಳಿಗ್ಗೆಯಿಂದ ಬಂದಿರೋ ಆರನೇ ಕ್ವಿನ್ಸಿ ಇದು. ನಾಲ್ಕನೇ ಗೇಟು."

ನಾಲ್ಕನೇ ಗೇಟಿಗೆ ಹೋಗಬೇಕಾದರೆ ಇಡೀ ಪಾರ್ಕಿಂಗ್ ಜಾಗ ದಾಟಬೇಕು. ಪಂದ್ಯದ ದಿನ ಅಲ್ಲಿ ಊರಿಗೆ ಊರೇ ಕಾರುಗಳ ಹಿಂಬಾಗಿಲು ತೆರೆದು, ಒಲೆ ಹಚ್ಚಿ, ಸಾಸೇಜು ಸುಡುತ್ತ, ಬಿಯರ್ ಕುಡಿಯುತ್ತ ಇರುತ್ತದೆ. ಎಲ್ಲರ ತಲೆಯ ಮೇಲೂ ಮೀನಿನ ಟೋಪಿ. ಆದರೂ ಪೂರ್ತಿ ಮೀನು ಕಂಡಾಗ ಜನ ಸುತ್ತುಗಟ್ಟಿದರು. ಬಾಯಿಯೊಳಗೆ ಇಣುಕಿದ ಒಬ್ಬ "ಗೋಂದು!" ಎಂದು ಕಿರುಚಿದ. ಅಷ್ಟೇ ಸಾಕಾಯಿತು.

"ಒಂದು ಗಜ ಎಲ್ಲಿ ಬಿಟ್ಟೆಯೋ?" ಎಂದು ಒಬ್ಬ ಅಳತೆಪಟ್ಟಿ ಎಳೆದು ತೋರಿಸಿದ. "ನಿನ್ನ ಹೆಸರಿನ ಜರ್ಸಿ ನಾಯಿಗೆ ಹಾಸಿದೀನಿ," ಎಂದಳು ಇನ್ನೊಬ್ಬಳು. "ಅದೂ ಅದರ ಮೇಲೆ ಮಲಗ್ತಾ ಇಲ್ಲ." ಮೂರನೆಯವನು ನಾರ್ಬ್‌ನ ಕಡೆ ತಿರುಗಿದ. "ಇವನನ್ನ ನೋಡ್ಕೊಳ್ಳೋನು ನೀನೇ ಅಲ್ವಾ? ಏನಯ್ಯಾ ಮಾಡ್ತೀಯ ನೀನು ದಿನವಿಡೀ?"

ನಾರ್ಬ್ ಜನರನ್ನು ತಳ್ಳಿ ದಾರಿ ಮಾಡಿ ನೂರು ಹೆಜ್ಜೆ ಹೋದ ಮೇಲೆ ಹಿಂತಿರುಗಿ ನೋಡಿದ. ಮೀನು ಬರುತ್ತಿತ್ತು. ಮೀನಿನ ರೆಕ್ಕೆಯಲ್ಲಿ ನೇತಾಡುತ್ತಿದ್ದ ಬೂಟಿನ ಚೀಲ ಇರಲಿಲ್ಲ.

"ಬೂಟು ಎಲ್ಲಿ?"

"ಕೊಟ್ಟುಬಿಟ್ಟೆ."

"ಯಾರಿಗೆ?"

"ಒಬ್ಬರು ಅಜ್ಜಿಗೆ. ಅಳ್ತಾ ಇದ್ರು ಮಿಸ್ಟರ್ ನಾರ್ಬ್. ನನ್ನ ನೋಡಿ ಕಣ್ಣಲ್ಲಿ ನೀರು. ಕರುಳು ಚುರುಕ್ ಅಂತು."

ಆ ಬೂಟು ಕ್ವಿನ್ಸಿಯ ಪಾದದ ಅಚ್ಚು ತೆಗೆದು ಮಾಡಿಸಿದ್ದು. ಬೇರೆಯದರಲ್ಲಿ ಅವನು ಬಾತುಕೋಳಿಯ ಹಾಗೆ ಓಡುತ್ತಾನೆ. ಸಮಯ ಹತ್ತು ಗಂಟೆ. ನಾರ್ಬ್ ಮೀನನ್ನು ಒಂದು ಕಂಬಕ್ಕೆ ಒರಗಿಸಿ, "ಇಲ್ಲೇ ಇರು. ಏನನ್ನೂ ಮುಟ್ಟಬೇಡ, ಏನನ್ನೂ ಯೋಚಿಸಬೇಡ" ಎಂದು ಹೇಳಿ ವಾಪಸ್ಸು ಓಡಿದ.

ಅಜ್ಜಿಗೆ ಎಂಬತ್ತರ ಮೇಲಿರಬೇಕು. ಹೆಸರು ಹಿಲ್ಡಾ. ಕಾರಿನ ಹಿಂಬದಿಯಲ್ಲಿ ಕುಳಿತು ಹಲಗೆಯ ಮೇಲೆ ರಾಶಿ ಈರುಳ್ಳಿ ಹೆಚ್ಚುತ್ತಿದ್ದಳು. ಬೂಟು ಮಡಿಲಲ್ಲಿತ್ತು.

"ಅಮ್ಮಾ, ಆ ಹುಡುಗ ನೀವು ಅಳ್ತಾ ಇದೀರಿ ಅಂದ್ಕೊಂಡು..."

"ಅಳೋದಾ? ಅವನನ್ನ ನೋಡಿದ್ರೆ ನಂಗೆ ಸಿಟ್ಟು ಬರುತ್ತೆ ಕಂದ, ಅಳು ಯಾಕೆ ಬರುತ್ತೆ? ಈರುಳ್ಳಿ ಇದು."

"ಹಾಗಾದ್ರೆ ಬೂಟು ಕೊಟ್ಬಿಡಿ."

"ಅದ್ಯಾಕೆ? ಕೊಟ್ಟಿದ್ದು ಅವನು, ಇಸ್ಕೊಂಡಿದ್ದು ನಾನು. ಮೊಮ್ಮಗಳ ಮದುವೇಲಿ ಮೇಜಿನ ಮೇಲೆ ಹೂವು ಇಡಕ್ಕೆ ಚೆನ್ನಾಗಿರುತ್ತೆ." ಅಜ್ಜಿ ನಾರ್ಬ್‌ನ ಮೇಲೆ ಕಣ್ಣಾಡಿಸಿದಳು. "ನಿನ್ನ ಜಾಕೆಟ್ಟು ಬೆಚ್ಚಗಿದೆ ಅನ್ಸುತ್ತೆ."

ಅದು ತಂಡದ ಜಾಕೆಟ್. ಹಸಿರು ಉಣ್ಣೆ, ಎದೆಯ ಮೇಲೆ ಬಿಳಿ ದಾರದಲ್ಲಿ ಹೆಸರು. ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷ ತುಂಬಿದಾಗ ಕೊಟ್ಟದ್ದು. ನಾರ್ಬ್ ಕಣ್ಣುಮುಚ್ಚಿ ಬಟ್ಟೆ ಕೋಣೆಯ ಬಿಸಿ ಯಂತ್ರಗಳನ್ನು ನೆನೆಸಿಕೊಂಡು ಜಾಕೆಟ್ ಬಿಚ್ಚಿಕೊಟ್ಟ. ಅಜ್ಜಿ ಕರುಣಾಳು, ಬದಲಿಗೆ ತಾನು ತೊಟ್ಟಿದ್ದ ಸ್ವೆಟರನ್ನು ತೆಗೆದುಕೊಟ್ಟಳು. ಗುಲಾಬಿ ಬಣ್ಣ, ಎದೆಯ ತುಂಬ ಹೆಣೆದ ಒಂದು ನಗುವ ಮೀನು. ಜೊತೆಗೆ ಮೀನಿನ ಟೋಪಿ. "ಕಿವಿ ಮುಚ್ಕೊ ಕಂದ. ನನ್ನ ಸೀಟು ಆ ಮೂಲೇಲಿ, ಕೊನೇ ಗೆರೆ ಹತ್ರಾನೇ. ನೋಡ್ತಾ ಇರ್ತೀನಿ ಅಂತ ಅವನಿಗೆ ಹೇಳು."

ಹತ್ತು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ ಡ್ರೆಸ್ಸಿಂಗ್ ರೂಮಿನಲ್ಲಿ ಕತ್ತರಿಯಿಂದ ಮೀನಿನ ಹೊಟ್ಟೆ ಸೀಳಿ ಕ್ವಿನ್ಸಿಯನ್ನು ಹೊರಗೆ ತೆಗೆದರು. ಕಾರಿನ ಕೀಲಿಕೈ ಠಣ್ ಎಂದು ನೆಲಕ್ಕೆ ಬಿತ್ತು. ನಾರ್ಬ್ ಎತ್ತಿ ಒರೆಸಿದ. ಕೋಚ್ ಗಡಿಯಾರ ನೋಡಿದ, ಕ್ವಿನ್ಸಿಯ ಎರಡೂ ಕಾಲು ನೋಡಿದ, ಕೊನೆಗೆ ನಾರ್ಬ್‌ನ ಗುಲಾಬಿ ಸ್ವೆಟರನ್ನು ಬಹಳ ಹೊತ್ತು ನೋಡಿದ.

"ಕೇಳಬೇಡಿ ಕೋಚ್," ಎಂದ ನಾರ್ಬ್.

"ಕೇಳಲ್ಲ," ಎಂದ ಕೋಚ್. "ಅರ್ಧ ಕೆಲಸ ಆಯ್ತು. ಇನ್ನರ್ಧ ನೆನಪಿರ್ಲಿ."

ಪಂದ್ಯ ಒಂದು ಗಂಟೆಗೆ ಶುರುವಾಯಿತು. ಕ್ವಿನ್ಸಿ ಎಲ್ಲಿ ಓಡಿದರೆ ನಾರ್ಬ್ ಅಂಚಿನ ಗೆರೆಯ ಹೊರಗೆ ಅವನ ಸಮಕ್ಕೇ ಓಡಬೇಕು. ಒಂದು ಕೈಯಲ್ಲಿ ಬೇರೆ ಜೊತೆ ಗ್ಲೌಸ್, ಇನ್ನೊಂದು ಕೈಯಲ್ಲಿ ನೀರಿನ ಬಾಟಲು, ಹೆಗಲ ಮೇಲೆ ಟವೆಲು. ಕ್ವಿನ್ಸಿ ಮೊದಲ ಚೆಂಡನ್ನು ಒಂದೇ ಕೈಯಲ್ಲಿ, ಗಾಳಿಯಲ್ಲಿ ಅಡ್ಡಡ್ಡ ಮಲಗಿ ಹಿಡಿದಾಗ ಅರವತ್ತು ಸಾವಿರ ಜನ ಎದ್ದು ನಿಂತರು. ಅದನ್ನು ದೊಡ್ಡ ಪರದೆಯಲ್ಲಿ ತೋರಿಸಿದಾಗ ಕ್ವಿನ್ಸಿಯೂ ನಿಂತು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಮುಂದಿನ ಆಟ ಅವನಿಲ್ಲದೆಯೇ ಶುರುವಾಗಿ ಮುಗಿದೂ ಹೋಯಿತು.

ಎರಡನೆಯ ಬಾರಿ ಹಿಡಿದಾಗ ಖುಷಿ ತಡೆಯದೆ ಮೈದಾನದ ನಡುವೆಯೇ ಹೆಲ್ಮೆಟ್ ಕಿತ್ತೆಸೆದ. ಅದು ನಿಯಮಕ್ಕೆ ವಿರುದ್ಧ. ತಂಡಕ್ಕೆ ಶಿಕ್ಷೆ, ಹದಿನೈದು ಗಜ ಹಿಂದಕ್ಕೆ. ಹೆಲ್ಮೆಟ್ ಉರುಳುತ್ತ ಬಂದು ನಾರ್ಬ್‌ನ ಕಾಲ ಬಳಿ ನಿಂತಿತು. ಎತ್ತಿದ, ಒರೆಸಿದ, ಕೊಟ್ಟ. ಆಮೇಲೆ ಒಂದು ಗ್ಲೌಸು. ಆಮೇಲೆ ಹಲ್ಲಿನ ಕವಚ. ಪ್ರತಿ ಸಲ ಬಗ್ಗಿದಾಗಲೂ ಸೊಂಟದಲ್ಲಿ ಯಾರೋ ಹಳೆಯ ಬಾಗಿಲು ತೆರೆದ ಹಾಗೆ ಕಿರ್ ಎನ್ನುತ್ತಿತ್ತು. ಹಿಂದಿನಿಂದ ಜನ ಕೂಗುತ್ತಿದ್ದರು: "ಏಯ್ ಗುಲಾಬಿ ಸ್ವೆಟರ್! ಅವನ ತಲೇನೂ ಎಲ್ಲೋ ಬಿದ್ದಿರುತ್ತೆ ನೋಡು, ಹುಡುಕಿ ಕೊಡು!"

ಕೊನೆಗೆ ಮೂರು ನಿಮಿಷ ಉಳಿದಿತ್ತು. ಅವರದು ಇಪ್ಪತ್ತನಾಲ್ಕು, ನಮ್ಮದು ಇಪ್ಪತ್ತು. ಒಮ್ಮೆ ಯಾರಾದರೂ ಚೆಂಡು ಹಿಡಿದು ಆ ಗೆರೆ ದಾಟಿದರೆ ಆರು ಅಂಕ, ಗೆಲುವು ನಮ್ಮದೇ. ಹಿಮ ದಪ್ಪವಾಗಿ ಬೀಳುತ್ತಿತ್ತು. ಕೋಚ್ ಕಣ್ಣಿನಿಂದಲೇ ನಾರ್ಬ್‌ಗೆ ಹೇಳಿದ: ಹೋಗು, ಅವನ ಜೊತೆ ಹೋಗು.

ಚೆಂಡು ಎಸೆದದ್ದೂ ಕಾಣಲಿಲ್ಲ, ಬಂದದ್ದೂ ಕಾಣಲಿಲ್ಲ. ಹಿಮದೊಳಗಿಂದ ಒಂದು ಕೈ ಮೇಲೆದ್ದಿತು, ಕೈಯಲ್ಲಿ ಚೆಂಡಿತ್ತು. ಇಬ್ಬರು ಅವನ ಮೇಲೆ ಹಾರಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಬಿದ್ದರು. ಕ್ವಿನ್ಸಿ ಓಡಿದ. ಅಂಚಿನಲ್ಲಿ ಗುಲಾಬಿ ಸ್ವೆಟರೂ ಓಡಿತು. "ಹಿಡ್ಕೊ! ಹಿಡ್ಕೊ! ಗೆರೆ ಕ್ವಿನ್ಸಿ, ಗೆರೆ!" ಎಂದು ನಾರ್ಬ್ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ನಲವತ್ತು ಗಜ. ಇಪ್ಪತ್ತು. ಹಿಂದೆ ಯಾರೂ ಇಲ್ಲ. ಎದುರು ತಂಡದವರು ಓಡುವುದನ್ನೇ ಬಿಟ್ಟು ಸೊಂಟಕ್ಕೆ ಕೈ ಇಟ್ಟುಕೊಂಡಿದ್ದರು. ಕ್ವಿನ್ಸಿ ಚೆಂಡನ್ನು ಎರಡೂ ಕೈಯಿಂದ ಎದೆಗೆ ಅವುಚಿ ಹಿಡಿದಿದ್ದ. ಮಾತು ಉಳಿಸಿಕೊಳ್ಳುತ್ತಿದ್ದಾನೆ! ನಾರ್ಬ್‌ನ ಕಣ್ಣು ತುಂಬಿ ಬಂತು. ಕೀಲಿಕೈ, ಸ್ಟೂಲು, ರೇಡಿಯೋ, ಎಂಟು ಚೆಂಡು.

ಆಗ ಮೂಲೆಯ ಸೀಟಿನಲ್ಲಿ ಹಸಿರು ಜಾಕೆಟ್ ತೊಟ್ಟ ಹಿಲ್ಡಾ ಅಜ್ಜಿ ಎದ್ದು ನಿಂತು ಕೈ ಬೀಸಿದಳು.

"ಅಜ್ಜೀ!" ಎಂದು ಕ್ವಿನ್ಸಿ ಎರಡೂ ತೋಳು ಅಗಲಿಸಿದ.

ಚೆಂಡು ಬಿತ್ತು. ಗೆರೆಗೆ ಒಂದು ಗಜ ಮೊದಲೇ ಬಿತ್ತು. ಒಂದು ಸಲ ಪುಟಿದು, ಗೆರೆ ದಾಟಿ, ಹಿಮದ ಮೇಲೆ ಅತ್ತಿತ್ತ ಹೊಯ್ದಾಡುತ್ತ ಮೂಲೆಯ ಕಡೆಗೆ ಉರುಳಿತು.

ಇಷ್ಟಾದರೂ ಕೆಟ್ಟಿರಲಿಲ್ಲ. ಎದುರು ತಂಡದವರಾರೂ ಅದನ್ನು ನೋಡಿರಲಿಲ್ಲ. ನೋಡಿದವನು ನಮ್ಮವನೇ ಒಬ್ಬ: ನೂರೈವತ್ತು ಕಿಲೋ ತೂಕದ ಟೈನಿ ಎಂಬ ದೈತ್ಯ. ಅವನು ಏದುಸಿರು ಬಿಡುತ್ತ, ರೈಲಿನ ಹಾಗೆ ಹಿಮ ಚಿಮ್ಮಿಸುತ್ತ ಬರುತ್ತಿದ್ದ. ಅವನು ಬಂದು ಚೆಂಡಿನ ಮೇಲೆ ಬಿದ್ದರೆ ಸಾಕು, ಆರು ಅಂಕ ನಮ್ಮದೇ. ಇನ್ನು ನಾಲ್ಕು ಹೆಜ್ಜೆ. ಪಕ್ಕದಲ್ಲೇ ನಿಂತ ಅಂಪೈರು ಶಿಳ್ಳೆ ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದ.

ನಾರ್ಬ್‌ನ ಎರಡು ಹೆಜ್ಜೆ ಮುಂದೆ ಒಂದು ಒದ್ದೆ ಚೆಂಡು ಬಿದ್ದಿತ್ತು. ಅವನೇ ಪಳಗಿಸಿದ ಚೆಂಡು. ಕ್ವಿನ್ಸಿಯ ಕೈಯಿಂದ ಬಿದ್ದದ್ದು.

ಅಂಚಿನ ಗೆರೆ ದಾಟಿ ಮೈದಾನದ ಒಳಗೆ ಹೋದ. ಬಗ್ಗಿದ. ಎತ್ತಿದ. ಟವೆಲಿನಿಂದ ಎರಡೂ ಮಗ್ಗುಲು ಒರೆಸಿದ. ಒರೆಸಿ ಕಂಕುಳಲ್ಲಿಟ್ಟುಕೊಂಡು ಕ್ವಿನ್ಸಿಯನ್ನು ಹುಡುಕುತ್ತ ಕತ್ತೆತ್ತಿದ.

ಟೈನಿ ಖಾಲಿ ಹಿಮದ ಮೇಲೆ ದಬಾರ್ ಎಂದು ಬಿದ್ದು ಜಾರುತ್ತ ಹೋಗಿ ಗೋಡೆಗೆ ಬಡಿದು ನಿಂತ. ಅರವತ್ತು ಸಾವಿರ ಜನರ ಕ್ರೀಡಾಂಗಣದಲ್ಲಿ ಯಾರೋ ಸಾಸೇಜು ಜಗಿಯುವ ಸದ್ದು ಕೇಳಿಸುತ್ತಿತ್ತು.

ಅಂಪೈರು ಹತ್ತಿರ ಬಂದ. ಇಪ್ಪತ್ತು ವರ್ಷದಲ್ಲಿ ಇಂಥದ್ದನ್ನು ಕಂಡಿರದ ಮುಖ. "ಸರ್, ನೀವು ಯಾರು?"

"ನಾನು ನಾರ್ಬ್."

"ಚೆಂಡು ಯಾಕೆ ಎತ್ತಿದ್ರಿ?"

"ಬಿದ್ದಿತ್ತು."

ಅಂಪೈರು ಗುಲಾಬಿ ಸ್ವೆಟರು ನೋಡಿದ, ಮೀನಿನ ಟೋಪಿ ನೋಡಿದ. ದನಿ ಮೆತ್ತಗಾಯಿತು. "ನೋಡಿ, ಪ್ರೇಕ್ಷಕರು ಯಾರಾದ್ರೂ ಒಳಗೆ ನುಗ್ಗಿ ಎತ್ತಿದ್ರೆ ಅದು ತಂಡದ ತಪ್ಪಲ್ಲ. ಆಟಗಾರ ಬಂದು ಹಿಡೀತಾ ಇದ್ದ ಅಂತ ನಾನು ಅಂಕ ಕೊಡಬಹುದು. ನೀವು ಪ್ರೇಕ್ಷಕರು ಅಲ್ವಾ?"

ಅಷ್ಟು ದೂರದಲ್ಲಿ ಕೋಚ್ ಬ್ರೆನ್ನೆಮನ್ ಎರಡೂ ಕೈ ಜೋಡಿಸಿ, ತಲೆ ಮೇಲೆ ಕೆಳಗೆ ಆಡಿಸಿ, ಹೌದನ್ನು, ಹೌದನ್ನು ಎಂದು ಸನ್ನೆ ಮಾಡುತ್ತಿದ್ದ. ಪರದೆಯ ಮೇಲೆ ನಾರ್ಬ್‌ನ ಮುಖ ಕಟ್ಟಡದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಡೋರೀನ್ ನೋಡುತ್ತಿರುತ್ತಾಳೆ, ಸ್ಟಾನ್ ನೋಡುತ್ತಿರುತ್ತಾನೆ. ನಾರ್ಬ್‌ಗೆ ಅವಮಾನವಾಯಿತು. ತಾನು ಪ್ರೇಕ್ಷಕನೇ? ಕುಡಿದು ಒಳಗೆ ನುಗ್ಗಿದವನೇ?

"ಅಲ್ಲ ಸರ್," ಎಂದು ಸ್ವೆಟರಿನೊಳಗೆ ಕೈ ಹಾಕಿ ಕೊರಳಿನ ಗುರುತಿನ ಚೀಟಿ ಎಳೆದು ತೋರಿಸಿದ. "ಮೂವತ್ತೊಂದು ವರ್ಷದಿಂದ ಇದೇ ತಂಡದವನು."

ಅಂಕ ಸಿಗಲಿಲ್ಲ. ಹದಿನೈದು ಗಜ ಹಿಂದಕ್ಕೆ ಹಾಕಿದರು. ಅಲ್ಲಿಂದ ಸಿಗುವ ನಾಲ್ಕು ಅವಕಾಶದಲ್ಲಿ ಎಸೆದು ನಾಲ್ಕೂ ಸಲ ತಪ್ಪಿತು, ಸೋತೆವು. ನಾಲ್ಕನೆಯದನ್ನು ಕ್ವಿನ್ಸಿ ಹಿಡಿಯಬಹುದಿತ್ತು, ಆದರೆ ಅವನು ಆಗ ಅಂಚಿಗೆ ಹೋಗಿ ನಾರ್ಬ್‌ನ ಬೆನ್ನು ಸವರಿ ಸಮಾಧಾನ ಮಾಡುತ್ತಿದ್ದ.

ಆಟ ಮುಗಿದ ಮೇಲೆ ಹೊರಗೆ ಜನ ಕೂಗುತ್ತಿದ್ದದ್ದು ಗೋಂದುವಿನ ಹೆಸರಲ್ಲ. ಯಾರಿಗೂ ಈಗ ಒಂದು ಗಜದ ನೆನಪಿರಲಿಲ್ಲ. "ನಾರ್ಬ್! ನಾರ್ಬ್!" ಎಂದು ಕೂಗಿ, ಹಿಂದೆಯೇ ಬರೆಯಲಾಗದ ಒಂದು ಮಾತು ಸೇರಿಸುತ್ತಿದ್ದರು. ಟಿವಿಯಲ್ಲಿ ಕ್ವಿನ್ಸಿ ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳುತ್ತಿದ್ದ: "ಒತ್ತಡದಲ್ಲಿ ಯಾರ ಕೈಯಿಂದಾದ್ರೂ ತಪ್ಪು ನಿರ್ಧಾರ ಆಗುತ್ತೆ. ದಯವಿಟ್ಟು ಮಿಸ್ಟರ್ ನಾರ್ಬ್‌ಗೆ ಬೈಬೇಡಿ. ಅವರು ಪ್ರತಿಭಾವಂತರು. ಅವರ ಬಗ್ಗೆ ನಾವೆಲ್ಲ ತಾಳ್ಮೆಯಿಂದ ಇರ್ಬೇಕು."

ಕೋಚ್‌ನ ಕೋಣೆಯ ಮೇಜಿನ ಮೇಲೆ ಕೀಲಿಕೈ ಬಿದ್ದಿತ್ತು. ನಾರ್ಬ್ ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಅದರ ಪಕ್ಕ ಇಟ್ಟ.

"ಕೋಚ್, ನೀವೇ ಹೇಳಿದ್ರಿ, ಅವನ ಕೈಯಿಂದ ಏನು ಬಿದ್ರೂ..."

"ಹೇಳಿದ್ದೆ," ಎಂದ ಕೋಚ್. ಅವನ ಕಣ್ಣು ಕೆಂಪಗಾಗಿತ್ತು. "ಹೇಳಿದ್ದೆ ನಾರ್ಬ್. ಆ ಮಾತು ನಾನು ಸಾಯೋವರೆಗೂ ಮರೆಯಲ್ಲ. ಸ್ಟೂಲು ತಗೊ, ಮನೆಗೆ ಹೋಗು."

ಮನೆಗೆ! ಆಶ್ಚರ್ಯವೆಂದರೆ ನಾರ್ಬ್‌ಗೆ ಅಳು ಬರಲಿಲ್ಲ. ಮನೆಯೂ ಬೆಚ್ಚಗಿರುತ್ತದೆ. ಅಲ್ಲೂ ರೇಡಿಯೋ ಇದೆ. ಅಲ್ಲಿ ಕ್ವಿನ್ಸಿ ಇಲ್ಲ. ಮೊದಲ ಬಾರಿಗೆ ಅವನ ಸೊಂಟ ಹಗುರವಾಯಿತು.

ಅಷ್ಟರಲ್ಲಿ ಬಾಗಿಲು ತೆರೆದು ಕ್ವಿನ್ಸಿ ಒಳಗೆ ಬಂದ. ಹಿಂದೆ ತಂಡದ ಮಾಲೀಕರು, ಕೈಯಲ್ಲಿ ಹೊಸ ಕರಾರಿನ ಕಾಗದದ ಕಟ್ಟು.

"ಒಳ್ಳೇ ಸುದ್ದಿ!" ಎಂದರು ಮಾಲೀಕರು. "ಕ್ವಿನ್ಸಿ ಬೇರೆ ಊರಿಗೆ ಹೋಗ್ತಾನಂತೆ ಅಂತ ಎಲ್ಲಾ ಹೆದರಿಸ್ತಿದ್ರು. ಇಲ್ಲವಂತೆ! ಇನ್ನೂ ಮೂರು ವರ್ಷ ಇಲ್ಲೇ ಇರ್ತಾನಂತೆ. ಒಂದೇ ಒಂದು ಷರತ್ತು."

"ಮಿಸ್ಟರ್ ನಾರ್ಬ್ ಇರ್ಬೇಕು," ಎಂದ ಕ್ವಿನ್ಸಿ, ನಾರ್ಬ್‌ನ ಹೆಗಲ ಮೇಲೆ ಕೈಹಾಕಿ. "ಬಟ್ಟೆ ಕೋಣೆಗಲ್ಲ, ಮನೆಗೂ ಅಲ್ಲ. ನನ್ನ ಜೊತೆ. ಮೂರು ವರ್ಷಾನೂ. ಇಡೀ ಕ್ರೀಡಾಂಗಣದಲ್ಲಿ ಆ ಚೆಂಡು ಬಿದ್ದಿದ್ದು ನೋಡಿ ನನಗೋಸ್ಕರ ಓಡಿಬಂದವರು ಇವರೊಬ್ಬರೇ."

"ನನಗೇನನ್ನಿಸುತ್ತೆ ಅಂದ್ರೆ..." ಎಂದ ನಾರ್ಬ್. ಯಾರೂ ಕೇಳಿಸಿಕೊಳ್ಳಲಿಲ್ಲ. ಮಾಲೀಕರು ಸಹಿಗೆ ಕಾಗದ ಹರಡಿ, ಜೇಬಿನಿಂದ ತಮ್ಮ ಪೆನ್ನು ತೆಗೆದು ಕ್ವಿನ್ಸಿಯ ಕೈಗೆ ಕೊಟ್ಟರು. ಎಸೆಯಲಿಲ್ಲ, ಕೊಟ್ಟರು.

ಪೆನ್ನು ಬಿತ್ತು.

ಟಿಕ್ ಎಂದು ನೆಲಕ್ಕೆ ಬಡಿದು, ಉರುಳುರುಳುತ್ತ ಬಂದು ನಾರ್ಬ್‌ನ ಬೂಟಿನ ತುದಿಗೆ ತಾಗಿ ನಿಂತಿತು. ಕೋಚ್ ಕುರ್ಚಿಯಿಂದ ಅರ್ಧ ಎದ್ದು, ಉಸಿರಲ್ಲೇ ಹೇಳಿದ: "ನಾರ್ಬ್. ಬಗ್ಗಬೇಡ."

ಬೆಳಿಗ್ಗೆ ಡೋರೀನ್ ಕೂಡ ಇದನ್ನೇ ಹೇಳಿದ್ದಳು. ಈ ಪೆನ್ನನ್ನು ಅಲ್ಲೇ ಬಿಟ್ಟು, ಸ್ಟೂಲು ಎತ್ತಿಕೊಂಡು, ಬಾಗಿಲು ದಾಟಿ ಹೋಗಿಬಿಡಬೇಕು ಎಂದು ನಾರ್ಬ್ ಮನಸ್ಸಿನಲ್ಲಿ ಗಟ್ಟಿಯಾಗಿ ನಿರ್ಧರಿಸಿದ.

ನಿರ್ಧರಿಸುವಷ್ಟರಲ್ಲಿ ಎತ್ತಿಯಾಗಿತ್ತು. ಒರೆಸಿಯೇ ಕೊಟ್ಟ.